ಕವಿತೆಯ ತರಗತಿ ಮತ್ತು ಹತ್ತು ಅಂಕದ ಪ್ರಶ್ನೆ

(ಚಿಂತಾಮಣಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ಒಂದು ಕೃತಿಯನ್ನೋ ಎತ್ತಿಕೊಂಡು ಮಾತಾಡುವುದು ನಮ್ಮಲ್ಲಿ ರೂಢಿ. ಸಂಘಟಕರು ನನಗೂ ಹೊಸಗನ್ನಡ ಕಾವ್ಯದ ಬಗ್ಗೆ ಮಾತಾಡಿ ಎಂದರು. ಕಾವ್ಯದ ಬಗ್ಗೆಯೇ ಮಾತಾಡುತ್ತೇನೆ. ಆದರೆ ಅದು ನಮ್ಮ ಪದವಿ ತರಗತಿಯೊಳಕ್ಕೆ ಬಂದ ಮೇಲೆ ಏನಾಗುತ್ತದೆ, ಪ್ರಶ್ನೆಪತ್ರಿಕೆಯಾಗಿ, ಉತ್ತರಪತ್ರಿಕೆಯಾಗಿ, ಕೊನೆಗೆ ಅಂಕಪಟ್ಟಿಯ ಒಂದು ಸಂಖ್ಯೆಯಾಗಿ ಹೇಗೆ ಹೊರಬೀಳುತ್ತದೆ ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಇದಕ್ಕೆ ಕಾರಣವಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಸುತ್ತಿನ ಹಳ್ಳಿಗಳಿಂದ ಬಸ್ ಪಾಸ್ ಹಿಡಿದು ಬರುವ ಮಕ್ಕಳು ಬಿ.ಎ. ಇರಲಿ, ಬಿ.ಕಾಂ. ಇರಲಿ, ಕನ್ನಡ ಭಾಷಾ ಪತ್ರಿಕೆಯಲ್ಲಿ ಒಂದಿಷ್ಟು ಕವಿತೆಗಳನ್ನು ಓದುತ್ತಾರೆ. ಬಹಳಷ್ಟು ಮಂದಿಗೆ ಕನ್ನಡ ಕಾವ್ಯದೊಂದಿಗಿನ ಕೊನೆಯ ಭೇಟಿ ಅದು. ಆ ಭೇಟಿ ಹೇಗಿತ್ತು ಎಂಬುದನ್ನು ತೀರ್ಮಾನಿಸುವುದು ನಮ್ಮ ಪಾಠಕ್ಕಿಂತ ಹೆಚ್ಚಾಗಿ ನಮ್ಮ ಪರೀಕ್ಷೆ.

ಮೊದಲ ದಿನವೇ ಒಬ್ಬ ಹುಡುಗ ಎದ್ದು ನಿಂತು ಕೇಳುತ್ತಾನೆ: ‘ಸಾರ್, ಯಾವ ಪದ್ಯ ಇಂಪಾರ್ಟೆಂಟು?’ ಸ್ಟಾಫ್ ರೂಮಿಗೆ ಬಂದು ನಾವು ಈ ಪ್ರಶ್ನೆಯ ಬಗ್ಗೆ ಬೇಸರಪಡುತ್ತೇವೆ. ಈಗಿನ ಮಕ್ಕಳಿಗೆ ಮಾರ್ಕ್ಸೇ ಎಲ್ಲ, ರಸಾಸ್ವಾದ ಬೇಡ ಎನ್ನುತ್ತೇವೆ. ನನಗೆ ಹಾಗನಿಸುವುದಿಲ್ಲ. ಆ ಹುಡುಗ ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ. ನೀವು ನನ್ನಿಂದ ಏನನ್ನು ನಿರೀಕ್ಷಿಸುತ್ತೀರಿ, ಅದನ್ನು ಹೇಳಿ ಎಂದು ಅವನು ಕೇಳುತ್ತಿದ್ದಾನೆ. ಗಣಿತದ ಮೇಷ್ಟ್ರು ಇದಕ್ಕೆ ಉತ್ತರ ಕೊಡುತ್ತಾರೆ. ವಾಣಿಜ್ಯದ ಮೇಡಂ ಕೊಡುತ್ತಾರೆ. ಕಾವ್ಯ ಪಾಠ ಮಾಡುವ ನಾವು ಮಾತ್ರ ಉತ್ತರ ಕೊಡದೆ, ಹೃದಯದಿಂದ ಓದಿ, ಅನುಭವಿಸಿ ಬರೆಯಿರಿ ಎನ್ನುತ್ತೇವೆ. ಸೆಮಿಸ್ಟರ್ ಕೊನೆಯಲ್ಲಿ ಅನುಭವಿಸಿ ಬರೆದವನಿಗೆ ನಾಲ್ಕು, ಗೈಡ್ ನೋಡಿ ಬರೆದವನಿಗೆ ಎಂಟು ಕೊಡುತ್ತೇವೆ. ಇದನ್ನು ಒಮ್ಮೆ ಕಂಡ ವಿದ್ಯಾರ್ಥಿ ಎರಡನೆಯ ಸೆಮಿಸ್ಟರ್‌ನಲ್ಲಿ ಗೈಡ್ ಕೊಳ್ಳುತ್ತಾನೆ. ಅವನನ್ನು ದೂರುವ ಹಕ್ಕು ನಮಗಿಲ್ಲ.

ಹತ್ತು ಅಂಕದ ಉತ್ತರ ನಮ್ಮಲ್ಲಿ ಹೇಗಿರುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಪೀಠಿಕೆ, ಕವಿಪರಿಚಯ, ಸಾರಾಂಶ, ಉಪಸಂಹಾರ. ಕವಿ ಹುಟ್ಟಿದ ಊರು, ಬಂದ ಪ್ರಶಸ್ತಿ, ಬರೆದ ಸಂಕಲನಗಳ ಹೆಸರು ಬರೆದರೆ ಅರ್ಧ ಪುಟ ತುಂಬುತ್ತದೆ. ಮುಂದೆ ನೋಟ್ಸಿನ ಸಾರಾಂಶ. ಈ ಉತ್ತರದ ದೊಡ್ಡ ಕೊರತೆಯೆಂದರೆ, ಕವಿತೆಯನ್ನು ಒಮ್ಮೆಯೂ ಓದದೆ ಇದನ್ನು ಬರೆಯಬಹುದು. ಕಾವ್ಯದ ಪತ್ರಿಕೆಯಲ್ಲಿ ಕಾವ್ಯವನ್ನು ಓದದವನೂ ಓದಿದವನೂ ಒಂದೇ ಅಂಕ ಪಡೆಯುವಂತಿದ್ದರೆ ಆ ಪತ್ರಿಕೆ ಏನನ್ನು ಅಳೆಯುತ್ತಿದೆ?

ಒಂದು ಉತ್ತರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಮೌಲ್ಯಮಾಪನ ಕೇಂದ್ರದಲ್ಲಿ ನಾನು ಕಂಡದ್ದು. ಪ್ರಶ್ನೆ ನಿಸಾರ್ ಅಹಮದ್ ಅವರ ‘ಕುರಿಗಳು ಸಾರ್ ಕುರಿಗಳು’ ಕವಿತೆಯ ಕುರಿತಾಗಿತ್ತು. ಕುರಿಯ ರೂಪಕವನ್ನು ವಿವರಿಸಿ ಎಂದು ಪ್ರಶ್ನೆ. ಕಟ್ಟಿನಲ್ಲಿದ್ದ ಎಲ್ಲ ಪತ್ರಿಕೆಗಳೂ ಸ್ವಂತಿಕೆಯಿಲ್ಲದ ಜನಸಮೂಹದ ವಿಡಂಬನೆ ಎಂಬ ಒಂದೇ ವಾಕ್ಯವನ್ನು ಹಿಗ್ಗಿಸಿ ಬರೆದಿದ್ದವು. ಒಂದರಲ್ಲಿ ಮಾತ್ರ ಬೇರೆಯದೇ ಮಾತಿತ್ತು. ಅಕ್ಷರ ಅಷ್ಟು ಚೆನ್ನಾಗಿರಲಿಲ್ಲ, ಅಕಾರ ಹಕಾರ ಅಲ್ಲಲ್ಲಿ ಅದಲುಬದಲಾಗಿದ್ದವು. ನೆನಪಿನಿಂದ ಹೇಳುತ್ತೇನೆ: ನಮ್ಮ ಮನೆಯಲ್ಲಿ ಕುರಿಗಳಿವೆ, ಮಧ್ಯಾಹ್ನದ ಬಿಸಿಲಿಗೆ ಅವು ತಲೆ ತಗ್ಗಿಸಿ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ಮುಖ ಇಟ್ಟು ನಿಲ್ಲುತ್ತವೆ, ನೋಡಿದವರು ದಡ್ಡತನ ಅಂದುಕೊಳ್ಳುತ್ತಾರೆ, ಅವು ಹುಡುಕುವುದು ನೆರಳು, ಕವಿ ಹೇಳುವ ಕುರಿಗಳಿಗೆ ಯಾರೂ ನೆರಳು ಕೊಟ್ಟಿಲ್ಲ ಅನ್ನಿಸುತ್ತದೆ.

ಪತ್ರಿಕೆ ನೋಡುತ್ತಿದ್ದವರು ಮೂರು ಅಂಕ ಹಾಕಿದ್ದರು. ಯಾಕೆಂದು ಕೇಳಿದ್ದಕ್ಕೆ ‘ಸ್ಕೀಮಿನಲ್ಲಿ ಇದು ಇಲ್ಲ’ ಎಂದರು; ಸ್ಕೀಮು ಎಂದರೆ ಅಂಕ ಹಂಚಿಕೆಯ ಸೂಚಿ. ಅವರು ಕೆಟ್ಟವರಲ್ಲ. ಒಂದು ಕಟ್ಟು ಮುಗಿಯುವಷ್ಟರಲ್ಲಿ ಇನ್ನೊಂದು ಕಟ್ಟು ಬಂದು ಬೀಳುವ ಜಾಗದಲ್ಲಿ ಕೈಯಲ್ಲಿರುವ ಸ್ಕೀಮೇ ಆಸರೆ. ಆದರೆ ಆ ಉತ್ತರವನ್ನು ಒಮ್ಮೆ ತೂಗಿ ನೋಡೋಣ. ಬರೆದವರು, ಹುಡುಗಿಯೋ ಹುಡುಗನೋ ಗೊತ್ತಿಲ್ಲ, ರೂಪಕವನ್ನು ಗುರುತಿಸಿದ್ದಾರೆ. ಅದನ್ನು ತಾವು ಬಲ್ಲ ಲೋಕದ ಎದುರಿಗಿಟ್ಟು ಪರೀಕ್ಷಿಸಿದ್ದಾರೆ. ಗುಂಪುಗೂಡುವುದಕ್ಕೆ ದಡ್ಡತನವಲ್ಲದೆ ಬೇರೆ ಕಾರಣವೂ ಇರಬಹುದು ಎಂಬ ಎಣಿಕೆಗೆ ಬಂದಿದ್ದಾರೆ. ಕೊನೆಯ ಮಾತಿನಲ್ಲಿ ವಿಡಂಬನೆಯ ಒಳಗಿರುವ ಮರುಕದ ಹತ್ತಿರಕ್ಕೂ ಹೋಗಿದ್ದಾರೆ. ಇದು ವಿಮರ್ಶೆ. ಕೊರತೆ ಇಲ್ಲವೇ? ಇದೆ. ಅವರು ಕವಿತೆಗೆ ಮರಳಿ ಹೋಗಲಿಲ್ಲ. ತಮ್ಮ ಮಾತಿಗೆ ಕವಿತೆಯ ಯಾವ ಸಾಲು ಆಧಾರ, ಯಾವುದು ವಿರೋಧ ಎಂದು ತೋರಿಸಲಿಲ್ಲ. ಹಾಗಾಗಿ ಹತ್ತಕ್ಕೆ ಹತ್ತು ಕೊಡಲಾರೆ. ಏಳು ಕೊಡುತ್ತೇನೆ, ಮತ್ತು ಆ ಉಳಿದ ಮೂರು ಯಾಕಿಲ್ಲ ಎಂದು ಎರಡು ಸಾಲಿನಲ್ಲಿ ಬರೆದು ಹೇಳುತ್ತೇನೆ. ನನ್ನ ಇಂದಿನ ಮಾತೆಲ್ಲ ಈ ಏಳು ಮತ್ತು ಈ ಎರಡು ಸಾಲಿನ ಪರವಾಗಿದೆ.

ಕವಿತೆಗೆ ಅಂಕ ಕೊಡಲಾಗುವುದಿಲ್ಲ, ಅದು ಅವರವರ ಭಾವಕ್ಕೆ ಬಿಟ್ಟದ್ದು ಎಂಬ ಮಾತನ್ನು ನಾವು ಆಗಾಗ ಆಡುತ್ತೇವೆ. ಕೇಳಲು ಉದಾರವಾಗಿದೆ. ಆದರೆ ಅದರಿಂದ ಯಾರಿಗೆ ಅನುಕೂಲ ಎಂದು ಯೋಚಿಸಿ. ಮನೆಯಲ್ಲಿ ಪುಸ್ತಕ ಇರುವ, ಅಪ್ಪ ಅಮ್ಮ ಮೇಷ್ಟ್ರಾಗಿರುವ ಮಗುವಿಗೆ ಕಾವ್ಯದ ಬಗ್ಗೆ ಹೇಗೆ ಮಾತಾಡಬೇಕೆಂಬುದು ಹೇಗೋ ತಿಳಿದಿರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ ನಾವು ಹೇಳದೇ ಬಿಟ್ಟ ನಿಯಮ ಎಂದೂ ತಿಳಿಯುವುದಿಲ್ಲ. ನಿರೀಕ್ಷೆಯನ್ನು ಬಾಯಿಬಿಟ್ಟು ಹೇಳದಿರುವುದು ಬಡವರ ಮಕ್ಕಳಿಗೆ ಮಾಡುವ ಅನ್ಯಾಯ.

ಇನ್ನು ಅಂಕದ ಏರುಪೇರು ಸಾಹಿತ್ಯಕ್ಕೆ ಮಾತ್ರ ಅಂಟಿದ ರೋಗವಲ್ಲ. 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು ಸಂಶೋಧಕರು ಹೈಸ್ಕೂಲಿನ ಎರಡು ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿ ಮಾಡಿಸಿ ನೂರಕ್ಕೂ ಹೆಚ್ಚು ಅಧ್ಯಾಪಕರಿಗೆ ತಿದ್ದಲು ಕಳಿಸಿದರು. ನೂರಕ್ಕೆ ಇಷ್ಟು ಎಂದು ಬಂದ ಅಂಕಗಳು ಒಂದು ಪತ್ರಿಕೆಗೆ 64ರಿಂದ 98ರವರೆಗೆ, ಇನ್ನೊಂದಕ್ಕೆ 50ರಿಂದ 97ರವರೆಗೆ ಹರಡಿದ್ದವು. ಸಾಹಿತ್ಯದ ಹಣೆಬರಹವೇ ಇಷ್ಟು ಎಂದು ಜನ ಅಂದರು. ಮರುವರ್ಷ ಅವರು ರೇಖಾಗಣಿತದ ಪತ್ರಿಕೆಯೊಂದನ್ನು ಹಾಗೆಯೇ ಕಳಿಸಿದರು. ಅಂತರ ಇನ್ನೂ ಹೆಚ್ಚಾಯಿತು. ಒಂದೇ ಪತ್ರಿಕೆಗೆ 28 ಕೊಟ್ಟವರೂ ಇದ್ದರು, 90 ದಾಟಿಸಿದವರೂ ಇದ್ದರು. ಹಂತಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಚೊಕ್ಕಟ ಬರವಣಿಗೆಗೆ ಎಷ್ಟು ಎಂದು ಮೊದಲೇ ಒಪ್ಪಿಕೊಳ್ಳದಿದ್ದರೆ ತ್ರಿಕೋನಕ್ಕೂ ಹೀಗೇ ಆಗುತ್ತದೆ. ಒಪ್ಪಿಕೊಂಡರೆ ಕವಿತೆಯ ಓದಿಗೂ ನ್ಯಾಯ ಸಿಗುತ್ತದೆ.

ಕನ್ನಡದಲ್ಲಿ ಇದು ಹೊಸ ವಿಚಾರವೂ ಅಲ್ಲ. ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಕಾವ್ಯವನ್ನು ಹೇಗೆ ಅಳೆಯಬೇಕೆಂದು ಹೇಳುವ ಗ್ರಂಥ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ನಿರ್ಣಯಕ್ಕೆ ಮೀಸಲು. ಅಲ್ಲಿ ಗ್ರಂಥಕರ್ತ ಶ್ರೀವಿಜಯ ಮಾಡುವ ಒಂದು ಕೆಲಸ ನನಗೆ ಬಹಳ ಮೆಚ್ಚಿಗೆಯದು. ಸೋತ ಪದ್ಯವೊಂದನ್ನು ಕೊಟ್ಟು, ಅದನ್ನೇ ತಿದ್ದಿ ಬರೆದರೆ ಹೇಗಾಗುತ್ತದೆಂದು ಪಕ್ಕದಲ್ಲೇ ತೋರಿಸುತ್ತಾನೆ. ತಪ್ಪು ಎಂದು ಗೀಟೆಳೆದು ಬಿಡುವ ಮೇಷ್ಟ್ರಲ್ಲ ಅವನು. ಓದು ಬರಹ ಕಲಿಯದ ಕನ್ನಡಿಗರಿಗೂ ಕಾವ್ಯದ ಪರಿಣತಿ ಇದೆ ಎಂದು ಅಭಿಮಾನದಿಂದ ಹೇಳಿದವನೂ ಅವನೇ. ಜನರಲ್ಲಿ ಕಾವ್ಯಶಕ್ತಿ ಇದೆಯೆಂಬ ನಂಬಿಕೆ ಒಂದು ಕಡೆ, ಗುಣದೋಷಗಳನ್ನು ಕಾರಣ ಕೊಟ್ಟು ಹೇಳಲೇಬೇಕೆಂಬ ಶಿಸ್ತು ಇನ್ನೊಂದು ಕಡೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದೇ ಪುಸ್ತಕದಲ್ಲಿ ಕೂಡಿದ್ದ ಇವೆರಡನ್ನು ನಾವು ತರಗತಿಯಲ್ಲಿ ಬೇರ್ಪಡಿಸಿಬಿಟ್ಟಿದ್ದೇವೆ.

ಅದಾದ ಕೆಲವು ದಶಕಗಳಿಗೆ ಸಂಸ್ಕೃತದಲ್ಲಿ ರಾಜಶೇಖರ ‘ಕಾವ್ಯಮೀಮಾಂಸೆ’ ಬರೆದ. ಅದರಲ್ಲಿ ಓದುಗ-ವಿಮರ್ಶಕರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ: ಏನೂ ರುಚಿಸದ ಅರೋಚಕಿ, ಹುಲ್ಲನ್ನೂ ಅನ್ನವನ್ನೂ ಒಟ್ಟಿಗೆ ಉಣ್ಣುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನ ಮತ್ಸರಿ, ಒಳತತ್ತ್ವಕ್ಕೆ ಮನಸ್ಸು ಕೊಡುವ ತತ್ತ್ವಾಭಿನಿವೇಶಿ. ನಮ್ಮ ಮೌಲ್ಯಮಾಪನ ಕೇಂದ್ರಗಳಲ್ಲಿ ಮತ್ಸರಕ್ಕೆ ಎಡೆಯಿಲ್ಲ, ಹೆಸರೇ ಕಾಣದಲ್ಲ. ಆದರೆ ಮೊದಲಿನ ಎರಡು ಬಗೆ ಇವೆ. ಯಾರಿಗೂ ಐದರ ಮೇಲೆ ಕೊಡದವರು ಒಂದು ತುದಿ, ಪುಟ ತುಂಬಿದ್ದರೆ ಎಂಟು ಹಾಕುವವರು ಇನ್ನೊಂದು ತುದಿ. ಎರಡನೆಯದನ್ನು ಕೆಲವರು ದಯೆ ಎಂದುಕೊಂಡಿದ್ದಾರೆ. ಕಷ್ಟಪಟ್ಟು ಓದಿದ ವಿದ್ಯಾರ್ಥಿಗೆ ಅದು ದಯೆಯಲ್ಲ. ಅವನ ಓದನ್ನು ಯಾರೂ ಓದಲಿಲ್ಲ ಎಂಬುದಕ್ಕೆ ಸಾಕ್ಷಿ.

ಪಳಗಿದ ತೀರ್ಪು ಎಂದರೆ ಏನೆಂದು ತಿಳಿಯಬೇಕಾದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ಅರ್ಧ ಗಂಟೆ ನಿಲ್ಲಬೇಕು. ರೈತರು ಗೂಡನ್ನು ತಂದು ಹರಡಿರುತ್ತಾರೆ. ನೂಲು ತೆಗೆಯುವ ರೀಲರ್ ಬರುತ್ತಾನೆ, ರಾಶಿಯೊಳಕ್ಕೆ ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತುತ್ತಾನೆ, ಬೆರಳಿನಿಂದ ಒತ್ತಿ ಚಿಪ್ಪು ಗಟ್ಟಿಯಿದೆಯೇ ನೋಡುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಕಲೆ ಬಿದ್ದವು ಎಷ್ಟು, ಜೋಡಿಗೂಡು ಎಷ್ಟು ಎಂದು ಕಣ್ಣಾಡಿಸುತ್ತಾನೆ. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕಾದೀತು ಎಂಬ ಲೆಕ್ಕ, ಅವರು ರೆಂಡಿಟ್ಟ ಎನ್ನುವುದು, ಅಷ್ಟರಲ್ಲೇ ಅವನ ಮನಸ್ಸಿನಲ್ಲಿ ಮೂಡಿರುತ್ತದೆ. ಇದನ್ನು ಯಾರೂ ಅವರವರ ಭಾವ ಎನ್ನುವುದಿಲ್ಲ. ಇಬ್ಬರು ಅನುಭವಸ್ಥ ರೀಲರುಗಳ ಅಂದಾಜು ಸ್ವಲ್ಪ ಆಚೀಚೆಯಾದೀತು, ಬಹಳ ದೂರ ಹೋಗದು. ಯಾಕೆಂದರೆ ಇಬ್ಬರೂ ನೋಡುವುದು ಅವೇ ಗುಣಗಳನ್ನು, ಮತ್ತು ಏನು ನೋಡುತ್ತಾರೆಂಬುದು ರೈತನಿಗೂ ಗೊತ್ತು. ಗೂಡು ಬೆಳೆಯುವವನಿಗೆ ತನ್ನ ಬೆಳೆಯನ್ನು ಹೇಗೆ ಅಳೆಯುತ್ತಾರೆಂಬುದು ತಿಳಿದಿರುವಷ್ಟು, ಅವನ ಮಗಳಿಗೆ ಕಾಲೇಜಿನಲ್ಲಿ ತನ್ನ ಉತ್ತರವನ್ನು ಹೇಗೆ ಅಳೆಯುತ್ತಾರೆಂಬುದು ತಿಳಿದಿಲ್ಲ.

ಹಾಗಾದರೆ ಓದಿನಲ್ಲಿ ನಾವು ಅಳೆಯಬೇಕಾದ್ದು ಏನು? ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ 1920ರ ದಶಕದಲ್ಲಿ ಮಾಡಿದ ಪ್ರಯೋಗ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ‘ಪ್ರಾಯೋಗಿಕ ವಿಮರ್ಶೆ’ ಎಂಬ ಹೆಸರಿನಲ್ಲಿ ಪರಿಚಿತ. ಕವಿಯ ಹೆಸರು ತೆಗೆದುಹಾಕಿದ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅನ್ನಿಸಿದ್ದನ್ನು ಬರೆದುಕೊಡಲು ಹೇಳಿದರು. 1929ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಹದಿಮೂರು ಕವಿತೆಗಳಿಗೆ ಬಂದ ಬರಹಗಳಿವೆ. ಒಳ್ಳೆಯ ಶಾಲೆಗಳಿಂದ ಬಂದ ಆ ಮಕ್ಕಳೂ ಕವಿತೆಯ ಸರಳ ಅರ್ಥವನ್ನೇ ತಪ್ಪಿಸಿಕೊಂಡಿದ್ದರು. ಕವಿತೆ ಏನು ಹೇಳುತ್ತಿದೆ ಎಂದು ನೋಡುವ ಮೊದಲೇ, ಆ ವಸ್ತುವಿನ ಬಗ್ಗೆ ತಮ್ಮಲ್ಲಿ ಸಿದ್ಧವಾಗಿದ್ದ ಭಾವನೆಯನ್ನು ಅದರ ಮೇಲೆ ಸುರಿದಿದ್ದರು.

ಈ ಸಿದ್ಧ ಭಾವನೆಗೆ ನಮ್ಮ ಊರಿನದೇ ಉದಾಹರಣೆ ಇದೆ. ‘ಗೋಪಿ ಮತ್ತು ಗಾಂಡಲೀನಾ’ದ ಕವಿ ಬಿ.ಆರ್. ಲಕ್ಷ್ಮಣರಾವ್ ಈ ಚಿಂತಾಮಣಿಯಲ್ಲಿ ಬಹುಕಾಲ ಬಾಳಿದವರು. ತಾಯಿಯನ್ನು ಸಂಬೋಧಿಸಿ ಅವರು ಬರೆದ ಭಾವಗೀತೆ ನಾಡಿನಾದ್ಯಂತ ಹಾಡಾಗಿದೆ. ನನ್ನ ಎದುರು ಕುಳಿತಿರುವ ಮಕ್ಕಳಲ್ಲಿ ಅರ್ಧ ಮಂದಿಗೆ ಕಂಠಪಾಠ. ಅದರ ಬಗ್ಗೆ ಬರೆಯಿರಿ ಎಂದರೆ ಎಲ್ಲರೂ ತಾಯಿಯೇ ದೇವರು, ತಾಯಿಯ ಋಣ ತೀರಿಸಲಾಗದು ಎಂದು ಬರೆಯುತ್ತಾರೆ. ಆ ಕವಿತೆಯಲ್ಲಿ ಮಗು ಮಾಡುತ್ತಿರುವುದೇನು? ತಾಯಿಯ ಒಲವಿನ ಹಿಡಿತದಲ್ಲಿ ಸಿಲುಕಿ ಒದ್ದಾಡುತ್ತಿದೆ. ನನ್ನನ್ನು ಬಿಡು, ಲೋಕ ನೋಡಿ ಬರುತ್ತೇನೆ ಎಂದು ಬೇಡುತ್ತಿದೆ. ಪ್ರೀತಿ ಇದೆ, ಉಸಿರು ಕಟ್ಟುವಿಕೆಯೂ ಇದೆ. ಈ ಎರಡನ್ನೂ ಒಟ್ಟಿಗೆ ಹಿಡಿದಿರುವುದರಿಂದಲೇ ಅದು ಕವಿತೆ. ಓದಲೆಂದು ಮೊದಲ ಬಾರಿಗೆ ಮನೆ ಬಿಟ್ಟು ಹಾಸ್ಟೆಲಿಗೆ ಬಂದ ಹುಡುಗಿಗೆ ಇದರಷ್ಟು ಹತ್ತಿರದ ಮಾತು ಇನ್ನೊಂದು ಇರಲಾರದು. ಆದರೂ ಅವಳು ತಾಯಿಯೇ ದೇವರು ಎಂದು ಬರೆದು ಎಂಟು ಅಂಕ ತೆಗೆದುಕೊಂಡು ಹೋಗುತ್ತಾಳೆ. ಕವಿತೆ ಅವಳನ್ನು ತಟ್ಟಲೇ ಇಲ್ಲ. ತಟ್ಟದಂತೆ ತಡೆದು ನಿಂತವರು ನಾವು, ನಮ್ಮ ಪ್ರಶ್ನೆ, ನಮ್ಮ ಸ್ಕೀಮು.

ಆದ್ದರಿಂದ ನನ್ನ ಮೊದಲ ಸಲಹೆ: ಪದವಿಯ ಕನ್ನಡ ಪತ್ರಿಕೆಯಲ್ಲಿ ಪಾಠವಾಗದ ಒಂದು ಪುಟ್ಟ ಕವಿತೆ ಇರಲಿ, ಹತ್ತು ಅಂಕಕ್ಕೆ. ಕವಿಯ ಹೆಸರು ಬೇಡ. ಕಠಿಣ ಪದಗಳಿಗೆ ಅರ್ಥ ಕೆಳಗೇ ಕೊಡಿ. ಗೈಡಿನಲ್ಲಿ ಇಲ್ಲದ ಕವಿತೆಗೆ ಗೈಡಿನ ಉತ್ತರವಿಲ್ಲ. ಅಂಕವನ್ನು ಹೀಗೆ ಹಂಚಬಹುದು: ಕವಿತೆಯಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎಂದು ಸರಿಯಾಗಿ ಗ್ರಹಿಸಿದ್ದಕ್ಕೆ ಮೂರು. ಹೇಳಿದ ಮಾತಿಗೆ ಕವಿತೆಯಿಂದಲೇ ಆಧಾರ ಕೊಟ್ಟಿದ್ದಕ್ಕೆ ನಾಲ್ಕು. ಸ್ವಂತ ಯೋಚನೆಗೆ ಎರಡು. ಬರವಣಿಗೆಯ ಅಚ್ಚುಕಟ್ಟಿಗೆ ಒಂದು. ಕವಿಪರಿಚಯಕ್ಕೆ ಸೊನ್ನೆ. ಇದೇ ಅಂತಿಮವೆಂದು ನಾನು ಹೇಳುವುದಿಲ್ಲ. ನೀವು ಕೂತು ಬದಲಿಸಿ. ಆದರೆ ಆಧಾರಕ್ಕೆ ಹೆಚ್ಚಿನ ಪಾಲು ಇರಲೇಬೇಕು ಎಂಬುದರಲ್ಲಿ ನಾನು ಗಟ್ಟಿ. ವಿದ್ಯಾರ್ಥಿಯ ಅಭಿಪ್ರಾಯ ನಮ್ಮದಕ್ಕೆ ಹೊಂದದಿದ್ದರೂ ಆಧಾರ ಇದ್ದರೆ ಅಂಕ ಸಿಗಬೇಕು. ಹೊಂದಿದರೂ ಆಧಾರ ಇಲ್ಲದಿದ್ದರೆ ಸಿಗಬಾರದು.

ಬರವಣಿಗೆಗೆ ಒಂದೇ ಅಂಕ ಎಂದಾಗ ಕೆಲವರ ಮುಖ ಸಪ್ಪಗಾಗಿದ್ದು ಕಾಣುತ್ತಿದೆ. ಈ ಜಿಲ್ಲೆಯ ನೆಲವನ್ನು ನೆನಪಿಸಿಕೊಳ್ಳಿ. ಚಿಂತಾಮಣಿ ಸೀಮೆಯಲ್ಲಿ, ಶಿಡ್ಲಘಟ್ಟದಲ್ಲಿ, ಗೌರಿಬಿದನೂರಿನ ಗಡಿಯಂಚಿನ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಶಿಡ್ಲಘಟ್ಟದ ರೀಲರುಗಳ ಕೇರಿಗಳಿಂದ ಬರುವ ಹಲವರ ಮನೆಮಾತು ಉರ್ದು. ಇವರಿಗೆ ಕನ್ನಡ ಶಾಲೆಯಲ್ಲಿ, ಬೀದಿಯಲ್ಲಿ, ಗೆಳೆಯರ ನಡುವೆ ಕಲಿತ ಭಾಷೆ; ಪ್ರೀತಿಯಿಂದ ಕಲಿತ ಭಾಷೆ. ಒತ್ತಕ್ಷರ ತಪ್ಪಿದರೆ ಅಂಚಿನಲ್ಲಿ ತಿದ್ದಿ ತೋರಿಸೋಣ, ಓದಿನ ಅಂಕವನ್ನು ಅದಕ್ಕಾಗಿ ಕತ್ತರಿಸುವುದು ಬೇಡ. ಈ ಮಕ್ಕಳ ಕಿವಿ ಬರಿದಲ್ಲ. ಈ ತಾಲ್ಲೂಕಿನ ಕೈವಾರದಲ್ಲಿ ನಾರೇಯಣ ಯತೀಂದ್ರರು, ನಮ್ಮ ತಾತಯ್ಯ, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಅಜ್ಜ ವೇಮನನ ಪದ್ಯ ಹೇಳುವುದನ್ನು ಕೇಳಿ ಬೆಳೆದವರು, ಊರ ಹಬ್ಬದಲ್ಲಿ ಹಾರ್ಮೋನಿಯಂ ಜೊತೆ ಪೌರಾಣಿಕ ನಾಟಕದ ಪದ್ಯಗಳನ್ನು ರಾತ್ರಿಯಿಡೀ ಕೇಳಿದವರು ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂತಿರುತ್ತಾರೆ. ಅವರಿಗೆ ಗೊತ್ತಿರುವ ಲಯವನ್ನು ನಾವು ಎಂದೂ ಕೇಳಿಲ್ಲ.

ಇಲ್ಲಿಗೆ ನನ್ನ ಎರಡನೆಯ ಸಲಹೆ: ಒಳಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲು ಕವಿತೆಯನ್ನು ಗಟ್ಟಿಯಾಗಿ ಓದುವುದಕ್ಕೆ ಸಿಗಲಿ. ರಾಷ್ಟ್ರೀಯ ಶಿಕ್ಷಣ ನೀತಿಯಡಿ ನೂರರಲ್ಲಿ 40 ಅಂಕ ಒಳಮೌಲ್ಯಮಾಪನಕ್ಕಿತ್ತು. ಅಷ್ಟು ಅಂಕ ಕೈಯಲ್ಲಿದ್ದಾಗಲೂ ನಾವು ಹೆಚ್ಚಾಗಿ ಮಾಡಿಸಿದ್ದು ಅಸೈನ್‌ಮೆಂಟ್ ಎಂಬ ಹೆಸರಿನ ನಕಲು. ಪ್ರೌಢಶಾಲೆಯಿಂದಲೇ ನಮ್ಮ ಮಕ್ಕಳು ಪ್ರಸ್ತಾರ ಹಾಕಿ ಛಂದಸ್ಸಿನ ಹೆಸರು ಬರೆದು ಪೂರ್ತಿ ಅಂಕ ಪಡೆಯುತ್ತಾರೆ. ಲಘು, ಗುರು ಗುರುತು ಹಾಕಿ, ಮೂರು ನಾಲ್ಕು ಮೂರು ನಾಲ್ಕು ಎಂದು ಗೆರೆ ಎಳೆದು, ಭಾಮಿನಿ ಷಟ್ಪದಿ ಎಂದು ಬರೆಯುತ್ತಾರೆ. ಅದೇ ಪದ್ಯವನ್ನು ಓದು ಎಂದರೆ ವರದಿ ಓದಿದಂತೆ ಓದುತ್ತಾರೆ. ಮೂರು-ನಾಲ್ಕರ ಆ ನಡೆಯಲ್ಲಿ ಕುಮಾರವ್ಯಾಸ ಎಲ್ಲಿ ಓಡುತ್ತಾನೆ, ಎಲ್ಲಿ ತಡೆದು ನಿಲ್ಲುತ್ತಾನೆ ಎಂಬುದು ಗಂಟಲಿಗೆ ಬಾರದೆ ಬುದ್ಧಿಗೆ ಬರುವುದಿಲ್ಲ. ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ ಎಂದು ಎರಡು ಪ್ರಶ್ನೆ ಕೇಳಿದರೆ ಸಾಕು, ಅರ್ಥ ಆಗಿದೆಯೋ ಇಲ್ಲವೋ ಐದು ನಿಮಿಷದಲ್ಲಿ ತಿಳಿಯುತ್ತದೆ. ಕಂಠ ಇಂಪಾಗಿರಬೇಕೆಂದಿಲ್ಲ, ಇಂಪಿಗೆ ಅಂಕವೂ ಇಲ್ಲ.

ವಿದ್ಯಾರ್ಥಿಗಳು ತಾವೇ ಕವಿತೆ ಬರೆದರೆ? ಸೃಜನಶೀಲ ಬರವಣಿಗೆಯ ಪತ್ರಿಕೆಗಳು ಈಗ ನಮ್ಮಲ್ಲೂ ಬಂದಿವೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಿಂದ ಬರಹಗಾರರ ಕಮ್ಮಟ ಪದವಿಯ ಭಾಗವಾಗಿಯೇ ನಡೆಯುತ್ತಿದೆ. ಹತ್ತೊಂಬತ್ತರ ಹುಡುಗನ ಕವಿತೆಗೆ ಪ್ರತಿಭೆಯ ಅಂಕ ಹಾಕುವುದು ತಪ್ಪೆಂದೇ ನನ್ನ ಅಭಿಪ್ರಾಯ. ಅವನ ಮೊದಲ ಕರಡು, ಎರಡನೆಯ ಕರಡು, ಮೂರನೆಯದು ನೋಡೋಣ. ಏನನ್ನು ಬದಲಿಸಿದ, ಯಾಕೆ ಬದಲಿಸಿದ ಎಂದು ಅವನೇ ಬರೆದುಕೊಡಲಿ. ತಿದ್ದುವ ಶ್ರಮಕ್ಕೆ ಅಂಕ ಕೊಡಬಹುದು. ಪ್ರತಿಭೆಗೆ ಬೇಕಾದ್ದು ಓದುಗನ ಮಾತು. ಮೈಸೂರಿನಲ್ಲಿ ಓದುತ್ತಿದ್ದ ಪುಟ್ಟಪ್ಪ ಎಂಬ ಹುಡುಗ ತನ್ನ ಇಂಗ್ಲಿಷ್ ಕವಿತೆಗಳನ್ನು 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದಾಗ ಅವರು ಅಂಕ ಹಾಕಲಿಲ್ಲ. ನಿನ್ನ ಭಾಷೆಯಲ್ಲಿ ಯಾಕೆ ಬರೆಯಬಾರದು ಎಂದು ಕೇಳಿದರು. ಆ ಹುಡುಗ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಎಂ.ಎ. ತರಗತಿಯಲ್ಲಿ ಕುಳಿತು, ಕುವೆಂಪು ಆಗಿ, ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ತನಗೆ ಕಾವ್ಯ ಪಾಠ ಹೇಳಿದ ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಅಧ್ಯಾಪಕನ ಮಾತಿಗೆ ಇರುವ ಬೆಲೆ ಅಷ್ಟು.

ಅಂಕದ ಪಕ್ಕದಲ್ಲಿ ಎರಡು ಸಾಲು ಬರೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಸಮಯವಿಲ್ಲ ಎನ್ನುತ್ತೀರಿ. ಒಂದೊಂದು ತರಗತಿಯಲ್ಲಿ ನೂರು ಮಕ್ಕಳು, ಅತಿಥಿ ಉಪನ್ಯಾಸಕರ ಬದುಕಿನ ಅಭದ್ರತೆ, ನ್ಯಾಕ್ ಮಾನ್ಯತೆಯ ದಾಖಲೆಗಳ ಹೊರೆ ಎಲ್ಲವನ್ನೂ ಬಲ್ಲೆ. ಪ್ರತಿಯೊಂದು ಬರಹಕ್ಕೂ ಬರೆಯಲಾಗದು. ಸೆಮಿಸ್ಟರಿಗೆ ಒಂದೇ ಒಂದು ಬರಹಕ್ಕೆ, ಒಳಪರೀಕ್ಷೆಯ ಒಂದೇ ಉತ್ತರಕ್ಕೆ ಬರೆದುಕೊಡಿ, ಪತ್ರಿಕೆಯನ್ನು ಮಕ್ಕಳ ಕೈಗೆ ಮರಳಿಸಿ. ತಿದ್ದಿದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ವಿದ್ಯಾರ್ಥಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ. ಕೋರ್ಟಿಗೆ ಹೋಗಿ ಪಡೆಯಬೇಕಾದ್ದನ್ನು ತರಗತಿಯಲ್ಲಿ ನಾವಾಗಿಯೇ ಕೊಟ್ಟರೆ ಏನು ಕಳೆದುಹೋಗುತ್ತದೆ? ಸ್ನಾತಕೋತ್ತರ ಪರೀಕ್ಷೆಗಳಲ್ಲಿ ಒಂದು ಪತ್ರಿಕೆಯನ್ನು ಇಬ್ಬರು ನೋಡಿ, ಅಂತರ ಹೆಚ್ಚಿದರೆ ಮೂರನೆಯವರಿಗೆ ಕಳಿಸುವ ಪದ್ಧತಿ ಇದೆ. ಪದವಿ ಮಟ್ಟದಲ್ಲಿ ಎಲ್ಲಕ್ಕೂ ಅದು ಆಗದು. ಆದರೆ ಮೌಲ್ಯಮಾಪನದ ಮೊದಲ ದಿನ ಎಲ್ಲರೂ ಒಂದೇ ಹತ್ತು ಉತ್ತರಗಳನ್ನು ತಿದ್ದಿ, ಅಂಕಗಳನ್ನು ಹೋಲಿಸಿ, ಯಾಕೆ ಹೀಗೆ ಕೊಟ್ಟಿರಿ ಎಂದು ಪರಸ್ಪರ ಕೇಳಿಕೊಳ್ಳಲು ಒಂದು ಗಂಟೆ ಸಾಕು. ಆ ಕುರಿಗಳ ಉತ್ತರ ಅಂಥ ಗಂಟೆಯೊಂದರಲ್ಲಿ ಸಿಕ್ಕಿದ್ದರೆ ಮೂರು ಅಂಕಕ್ಕೆ ನಿಲ್ಲುತ್ತಿರಲಿಲ್ಲ.

ಹೀಗೆ ಯಾಕೆಂದು ಕೇಳುವುದನ್ನು ಕಲಿಸಿದವರು ನಮ್ಮಲ್ಲೇ ಇದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದವರು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎಂದು ಬದುಕಿನುದ್ದಕ್ಕೂ ವಿದ್ಯಾರ್ಥಿಗಳಿಗೆ ಹೇಳಿದವರು. ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜುಗಳನ್ನು ಕಟ್ಟಿದ್ದು ಈ ಹಳ್ಳಿಗಳ ಮಕ್ಕಳಿಗಾಗಿ. ಅವರ ಮಾತು ವಿಜ್ಞಾನದ ಕೊಠಡಿಗೆ ಮಾತ್ರ ಸೇರಿದ್ದೆಂದು ನಾವು ಭಾವಿಸಿದ್ದೇವೆ. ಕವಿತೆಯ ಪಾಠದಲ್ಲೂ ಅದು ಸಲ್ಲಬೇಕು. ಕವಿಯನ್ನು ಪ್ರಶ್ನಿಸಿದ ವಿದ್ಯಾರ್ಥಿ ಕವಿಗೆ ಅವಮಾನ ಮಾಡಿದಂತಲ್ಲ.

ನನ್ನ ಬೇಡಿಕೆಗಳನ್ನು ಇಟ್ಟು ಮುಗಿಸುತ್ತೇನೆ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಮಂಡಳಿಯವರು ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಓದದ ಕವಿತೆಗೆ ಹತ್ತು ಅಂಕ ಇಡಿ. ಅಧ್ಯಾಪಕ ಮಿತ್ರರೇ, ಮಂಡಳಿಯ ನಿರ್ಧಾರಕ್ಕೆ ಕಾಯಬೇಡಿ. ಬರುವ ಸೆಮಿಸ್ಟರಿನ ಮೊದಲ ತರಗತಿಗೆ ಒಂದು ಹಾಳೆ ಬರೆದು ತನ್ನಿ. ಕವಿತೆಯ ಉತ್ತರದಲ್ಲಿ ನಾನು ಏನನ್ನು ಹುಡುಕುತ್ತೇನೆ, ಯಾವುದಕ್ಕೆ ಎಷ್ಟು ಅಂಕ ಎಂದು ಅದರಲ್ಲಿರಲಿ. ಜೊತೆಗೆ ಒಳ್ಳೆಯ ಉತ್ತರ ಒಂದು, ಸೋತ ಉತ್ತರ ಒಂದು, ಸೋತದ್ದನ್ನು ತಿದ್ದಿದ ರೂಪ ಒಂದು ಇರಲಿ. ನೋಟೀಸ್ ಬೋರ್ಡಿಗೂ ಒಂದು ಪ್ರತಿ ಅಂಟಿಸಿ. ವಿದ್ಯಾರ್ಥಿಗಳೇ, ಆ ಹಾಳೆ ಬರದಿದ್ದರೆ ಕೇಳಿ. ಅಂಕ ಬಂದಾಗ ಯಾಕಿಷ್ಟು ಎಂದು ವಿನಯದಿಂದ ಕೇಳಿ, ಉತ್ತರ ಸಿಗುವವರೆಗೂ ಕೇಳಿ. ಅದು ನಿಮ್ಮ ಹಕ್ಕು.